ಡಬ್ಲ್ಯು. ಬಿ. ಪ್ರಕರಣ: ಲಿಥಿಯಂ ಚಿಕಿತ್ಸೆಯ ಮೊದಲ ರೋಗಿಗೆ ಏನಾಯಿತು?

ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದ ಉತ್ತರ ಹೊರವಲಯದಲ್ಲಿ ಮಾಜಿ ಸೈನಿಕರಿಗೆಂದೇ ನಡೆಯುತ್ತಿದ್ದ ಬಂಡೂರಾ ಮಾನಸಿಕ ಆಸ್ಪತ್ರೆಯಲ್ಲಿ, 1948ರ ಹೊತ್ತಿಗೆ, 51 ವರ್ಷದ ಒಬ್ಬ ರೋಗಿಯಿದ್ದರು. ವೈದ್ಯಕೀಯ ದಾಖಲೆಗಳಲ್ಲಿ ಅವರು ಡಬ್ಲ್ಯು. ಬಿ. ಎಂಬ ಎರಡು ಅಕ್ಷರಗಳಿಂದ ಪರಿಚಿತರು. ಐದು ವರ್ಷಗಳಿಂದ ಬಿಡುವಿಲ್ಲದ ಉನ್ಮಾದದಲ್ಲಿದ್ದ ಅವರು ಕುಳಿತಲ್ಲಿ ಕೂರುತ್ತಿರಲಿಲ್ಲ; ಕೊಳಕಾಗಿರುತ್ತಿದ್ದರು, ಕೈಗೆ ಸಿಕ್ಕಿದ್ದನ್ನು ಹಾಳುಮಾಡುತ್ತಿದ್ದರು, ಎಲ್ಲರ ವಿಷಯದಲ್ಲೂ ತಲೆಹಾಕುತ್ತಿದ್ದರು, ಮತ್ತು ಇಡೀ ವಾರ್ಡಿನಲ್ಲಿ ಅತ್ಯಂತ ತೊಂದರೆ ಕೊಡುವ ರೋಗಿಯೆಂಬ ಹೆಸರು ಪಡೆದಿದ್ದರು. ಆ ವರ್ಷದ ಮಾರ್ಚ್ 29ರಂದು ಅವರಿಗೆ ಲಿಥಿಯಂ ಲವಣದ ಮೊದಲ ಗುಟುಕು ಕೊಡಲಾಯಿತು. ಮನೋವೈದ್ಯಶಾಸ್ತ್ರದ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಈ ದಿನಾಂಕದಿಂದ ಆರಂಭಿಸಿ, ಅದೇ ವರ್ಷದ ಜುಲೈ 9ರಂದು ಅವರು ಮನೆಗೆ ಹೊರಟ ಘಟ್ಟದಲ್ಲಿ ಕಥೆಯನ್ನು ಮುಗಿಸಿಬಿಡುತ್ತಾರೆ. ಆದರೆ ಪ್ರಕರಣ ಅಲ್ಲಿಗೆ ಮುಗಿಯಲಿಲ್ಲ. ಮುಂದಿನ ಎರಡು ವರ್ಷಗಳನ್ನೂ ಸೇರಿಸಿ ಓದಿದಾಗ ಮಾತ್ರ, ಔಷಧಿ ಸಿಕ್ಕುವುದು ಬೇರೆ, ಚಿಕಿತ್ಸೆ ಸಿಕ್ಕುವುದು ಬೇರೆ ಎಂಬುದು ಈ ಪ್ರಕರಣದಲ್ಲಿ ಎಷ್ಟು ನಿಚ್ಚಳವಾಗಿದೆ ಎಂದು ತಿಳಿಯುತ್ತದೆ.

ರೋಗದ ಬಗ್ಗೆ ಒಂದು ಮಾತು. ಇಂದು ಬೈಪೋಲಾರ್ ಅಥವಾ ದ್ವಿಧ್ರುವ ಮನೋವ್ಯಾಧಿ ಎಂದು ಕರೆಯುವ ಈ ಕಾಯಿಲೆಯಲ್ಲಿ ಮನಸ್ಸಿನ ಸ್ಥಿತಿ ಕೆಲವು ಕಾಲ ಖಿನ್ನತೆಗೆ ಇಳಿಯುತ್ತದೆ, ಕೆಲವು ಕಾಲ ಉನ್ಮಾದಕ್ಕೆ ಏರುತ್ತದೆ. ನಡುವೆ ಮನುಷ್ಯ ಎಲ್ಲರಂತೆಯೇ ಇರುತ್ತಾನೆ. ಉನ್ಮಾದದಲ್ಲಿ ನಿದ್ದೆ ಎರಡು ಮೂರು ಗಂಟೆಗೆ ಇಳಿದರೂ ಆಯಾಸವೆನಿಸುವುದಿಲ್ಲ, ಮಾತು ತಡೆಯಿಲ್ಲದೆ ಹರಿಯುತ್ತದೆ, ಕೈಯಲ್ಲಿರುವ ಹಣ ಮಾತ್ರವಲ್ಲದೆ ಇಲ್ಲದ ಹಣವೂ ಖರ್ಚಾಗುತ್ತದೆ, ತಾನು ಅಸಾಮಾನ್ಯನೆಂಬ ಭಾವ ಗಟ್ಟಿಯಾಗುತ್ತದೆ. ರೋಗಿಗೆ ಇದು ರೋಗವೆಂದೇ ಅನ್ನಿಸುವುದಿಲ್ಲ ಎಂಬುದು ಇದರ ದೊಡ್ಡ ತೊಡಕು. ಸಾಮಾನ್ಯವಾಗಿ ಉನ್ಮಾದವು ವಾರಗಳಲ್ಲಿ ಅಥವಾ ತಿಂಗಳುಗಳಲ್ಲಿ ತಾನಾಗಿಯೇ ಇಳಿಯುತ್ತದೆ, ಡಬ್ಲ್ಯು. ಬಿ. ಅವರಲ್ಲಿ ಅದು ಐದು ವರ್ಷ ಇಳಿಯದೆ ನಿಂತಿತ್ತು.

ಆಗ ವೈದ್ಯರ ಬತ್ತಳಿಕೆಯಲ್ಲಿ ಇದ್ದುದಾದರೂ ಏನು? ನಿದ್ದೆ ಬರಿಸುವ ಬಾರ್ಬಿಟ್ಯುರೇಟುಗಳು ಮತ್ತು ಪ್ಯಾರಾಲ್ಡಿಹೈಡ್. 1938ರಲ್ಲಿ ಇಟಲಿಯಲ್ಲಿ ಆರಂಭವಾಗಿದ್ದ, ನಮ್ಮಲ್ಲಿ ಜನ ಇಂದಿಗೂ ‘ಕರೆಂಟ್ ಕೊಡುವುದು’ ಎನ್ನುವ ವಿದ್ಯುತ್ ಕಂಪನ ಚಿಕಿತ್ಸೆ. ಇನ್ಸುಲಿನ್ ಚುಚ್ಚಿ ಪ್ರಜ್ಞೆ ತಪ್ಪಿಸುವ ಪದ್ಧತಿ. ಮತ್ತು ಮಿದುಳಿನ ಮುಂಭಾಗದ ನರತಂತುಗಳನ್ನು ಕತ್ತರಿಸುವ ಲ್ಯೂಕಾಟಮಿ ಶಸ್ತ್ರಕ್ರಿಯೆ. ಇವುಗಳಲ್ಲಿ ಯಾವುದೂ ಉನ್ಮಾದಕ್ಕೆಂದೇ ಇದ್ದ ಚಿಕಿತ್ಸೆಯಲ್ಲ. ಕ್ಲೋರ್‌ಪ್ರೊಮಜಿನ್ ಎಂಬ ಮೊದಲ ಮನೋರೋಗ ನಿರೋಧಕ ಔಷಧಿ ಬಳಕೆಗೆ ಬರಲು ಇನ್ನೂ ನಾಲ್ಕು ವರ್ಷ ಬಾಕಿಯಿತ್ತು. ಆ ಕಾಲದ ಮನೋಭಾವವನ್ನು ಅಳೆಯಲು ಒಂದು ಸಂಗತಿ ಸಾಕು: ಲ್ಯೂಕಾಟಮಿಯನ್ನು ರೂಢಿಗೆ ತಂದ ಪೋರ್ಚುಗಲ್ಲಿನ ಎಗಾಸ್ ಮೋನಿಜ್ ಅವರಿಗೆ ನೊಬೆಲ್ ಪ್ರಶಸ್ತಿ ಬಂದದ್ದು 1949ರಲ್ಲಿ. ಲಿಥಿಯಂ ಕುರಿತ ಲೇಖನ ಪ್ರಕಟವಾದದ್ದೂ ಅದೇ ವರ್ಷ, ಮತ್ತು ಅದನ್ನು ಗಮನಿಸಿದವರು ವಿರಳ.

ತಪ್ಪು ಊಹೆಯ ಸರಿಯಾದ ಫಲ

ಚಿಕಿತ್ಸೆ ನೀಡಿದ ವೈದ್ಯರ ಹೆಸರು ಜಾನ್ ಕೇಡ್. ಕನ್ನಡದ ಕಿವಿಗೆ ಅಪಶಕುನದಂತೆ ಕೇಳಿಸಿದರೂ ಸಾವಿರಾರು ಜನರ ಪಾಲಿಗೆ ಒಳ್ಳೆಯದನ್ನೇ ಮಾಡಿದ ಹೆಸರು. 1912ರಲ್ಲಿ ಹುಟ್ಟಿದ ಕೇಡ್ ಅವರ ತಂದೆಯೂ ಮಾನಸಿಕ ಆಸ್ಪತ್ರೆಗಳಲ್ಲಿ ವೈದ್ಯರಾಗಿದ್ದವರು. ಎರಡನೆಯ ಮಹಾಯುದ್ಧದಲ್ಲಿ ಸೇನಾ ವೈದ್ಯರಾಗಿ ಹೋದ ಕೇಡ್, 1942ರ ಫೆಬ್ರವರಿಯಲ್ಲಿ ಸಿಂಗಪುರ ಪತನವಾದಾಗ ಜಪಾನಿಯರ ಸೆರೆಯಾಗಿ, ಚಾಂಗಿ ಶಿಬಿರದಲ್ಲಿ ಮೂರೂವರೆ ವರ್ಷ ಕಳೆದರು. ಅಲ್ಲಿ ಸಹಕೈದಿಗಳಲ್ಲಿ ಕಂಡ ಮಾನಸಿಕ ಲಕ್ಷಣಗಳ ಹಿಂದೆ ಅನೇಕ ಸಲ ಶರೀರದ ಕಾಯಿಲೆಯೋ ಪೋಷಕಾಂಶಗಳ ಕೊರತೆಯೋ ಇದ್ದುದನ್ನು ಗಮನಿಸಿದ ಅವರಿಗೆ, ಮನೋವ್ಯಾಧಿಗೂ ದೇಹದೊಳಗಿನ ಒಂದು ಕಾರಣವಿರಬೇಕೆಂಬ ನಂಬಿಕೆ ಬಲವಾಯಿತು.

ಅವರ ತರ್ಕ ಹೀಗಿತ್ತು. ಥೈರಾಯ್ಡ್ ಗ್ರಂಥಿಯ ಸ್ರಾವ ಹೆಚ್ಚಾದರೆ ಒಂದು ಬಗೆಯ ಕಾಯಿಲೆ, ಕಡಿಮೆಯಾದರೆ ಅದಕ್ಕೆ ತದ್ವಿರುದ್ಧವಾದ ಇನ್ನೊಂದು ಕಾಯಿಲೆ; ಹಾಗೆಯೇ ದೇಹದಲ್ಲಿ ಸಹಜವಾಗಿಯೇ ಇರುವ ಯಾವುದೋ ವಸ್ತು ಹೆಚ್ಚಾದಾಗ ಉನ್ಮಾದವೂ ಕಡಿಮೆಯಾದಾಗ ಖಿನ್ನತೆಯೂ ಬರುತ್ತಿರಬೇಕು. ಹೆಚ್ಚಾದ ವಸ್ತು ಮೂತ್ರದಲ್ಲಿ ಹೊರಬೀಳಲೇಬೇಕಲ್ಲವೇ? ಆಸ್ಪತ್ರೆಯಲ್ಲಿ ಬಳಕೆಯಲ್ಲಿಲ್ಲದ ಒಂದು ಉಗ್ರಾಣದ ಕೋಣೆಯನ್ನೇ ಪ್ರಯೋಗಶಾಲೆ ಮಾಡಿಕೊಂಡ ಅವರು, ರೋಗಿಗಳ ಮೂತ್ರವನ್ನು ಸಂಗ್ರಹಿಸಿ ಗಿನಿ ಇಲಿಗಳ ಹೊಟ್ಟೆಗೆ ಚುಚ್ಚತೊಡಗಿದರು. ಮೂತ್ರದ ಬಾಟಲಿಗಳು ಅವರ ಮನೆಯ ಫ್ರಿಜ್ಜಿನಲ್ಲೇ ಇರುತ್ತಿದ್ದವೆಂದು ಕುಟುಂಬದವರು ಆಮೇಲೆ ನೆನಪಿಸಿಕೊಂಡಿದ್ದಾರೆ. ಆ ಮನೆಯಾಕೆಯ ಸಹನೆಯನ್ನು ಯಾವ ಸಂಶೋಧನಾ ಲೇಖನವೂ ದಾಖಲಿಸಿಲ್ಲ. ಉನ್ಮಾದ ರೋಗಿಗಳ ಮೂತ್ರ ಹೆಚ್ಚು ವಿಷಕಾರಿಯಾಗಿ ಕಂಡಿತು. ಮೂತ್ರದಲ್ಲಿರುವ ಯೂರಿಯಾದ ವಿಷವನ್ನು ಅದರಲ್ಲೇ ಇರುವ ಯೂರಿಕ್ ಆಮ್ಲ ಹೆಚ್ಚಿಸುತ್ತದೆಯೇ ಎಂದು ನೋಡಲು ಹೊರಟಾಗ, ಆ ಆಮ್ಲ ನೀರಿನಲ್ಲಿ ಸುಲಭವಾಗಿ ಕರಗಲಿಲ್ಲ. ಅದಕ್ಕಾಗಿ ಅದರ ಲವಣಗಳಲ್ಲೇ ಚೆನ್ನಾಗಿ ಕರಗುವ ಲಿಥಿಯಂ ಯೂರೇಟನ್ನು ತೆಗೆದುಕೊಂಡರು. ಅಂದರೆ ಲಿಥಿಯಂ ಅಲ್ಲಿಗೆ ಬಂದದ್ದು ಮದ್ದಾಗಿ ಅಲ್ಲ, ಇನ್ನೊಂದನ್ನು ಕರಗಿಸುವ ನೆಪದಲ್ಲಿ. ವಿಷ ಹೆಚ್ಚುವ ಬದಲು ಕಡಿಮೆಯಾಯಿತು. ಆಗ ಲಿಥಿಯಂ ಕಾರ್ಬೋನೇಟನ್ನು ಮಾತ್ರ ಚುಚ್ಚಿ ನೋಡಿದರೆ, ಗಿನಿ ಇಲಿಗಳು ಎರಡು ಗಂಟೆಯ ನಂತರ ಮಂಕಾಗಿ, ಅಂಗಾತ ಮಲಗಿಸಿದರೂ ಗಾಬರಿಯಿಲ್ಲದೆ ಸುಮ್ಮನೆ ಬಿದ್ದಿದ್ದವು. ಒಂದೆರಡು ಗಂಟೆ ಕಳೆದ ಮೇಲೆ ಎಂದಿನಂತಾದವು.

ಆ ಪ್ರಾಣಿಗಳ ಮಂಕು ಬಹುಶಃ ಲಿಥಿಯಂ ವಿಷದ ಲಕ್ಷಣವೇ ಆಗಿತ್ತೆಂದು ಈಗ ಹೆಚ್ಚಿನ ತಜ್ಞರು ಭಾವಿಸುತ್ತಾರೆ. ಉನ್ಮಾದಕ್ಕೆ ಕಾರಣವೆಂದು ಕೇಡ್ ಹುಡುಕುತ್ತಿದ್ದ ಆ ವಸ್ತುವೂ ಎಂದೂ ಸಿಗಲಿಲ್ಲ. ಊಹೆ ತಪ್ಪು, ಪ್ರಯೋಗದ ವ್ಯಾಖ್ಯಾನ ತಪ್ಪು, ಆದರೂ ಔಷಧಿ ಸರಿ.

ಲಿಥಿಯಂ ಹೊಸ ಪದಾರ್ಥವೇನಲ್ಲ. 1817ರಲ್ಲಿ ಸ್ವೀಡನ್ನಿನ ಆರ್ಫ್‌ವೆಡ್‌ಸನ್ ಅದನ್ನು ಒಂದು ಖನಿಜದಲ್ಲಿ ಗುರುತಿಸಿದ್ದರು; ಗ್ರೀಕ್ ಭಾಷೆಯಲ್ಲಿ ಕಲ್ಲು ಎಂಬರ್ಥದ ಪದದಿಂದ ಹೆಸರು ಬಂತು. ಹತ್ತೊಂಬತ್ತನೆಯ ಶತಮಾನದಲ್ಲಿ ಕೀಲುಗಳಲ್ಲಿ ಯೂರಿಕ್ ಆಮ್ಲ ಶೇಖರವಾಗುವ ಗೌಟ್ ಕಾಯಿಲೆಗೆ ಅದನ್ನು ಕೊಡುತ್ತಿದ್ದರು. ಅಮೆರಿಕದ ಹ್ಯಾಮಂಡ್ ಮತ್ತು ಡೆನ್ಮಾರ್ಕಿನ ಲಾಂಗೆ ಎಂಬ ವೈದ್ಯರು ಮನೋರೋಗಗಳಿಗೂ ಬಳಸಿ, ಅದು ಮರೆತುಹೋಗಿತ್ತು. ಬ್ಯಾಟರಿಯ ಹೆಸರಿನೊಂದಿಗೇ ಲಿಥಿಯಂ ಅನ್ನು ನೆನೆಯುವ ಇಂದಿನ ಓದುಗರಿಗೆ, ಮಂಡ್ಯ ಜಿಲ್ಲೆಯ ಮರಳಗಾಲದ ಬಳಿ 1,600 ಟನ್ ಲಿಥಿಯಂ ನಿಕ್ಷೇಪವಿದೆಯೆಂಬ 2021ರ ಸುದ್ದಿ ಜ್ಞಾಪಕವಿರಬಹುದು. ಆ ಕಲ್ಲಿನಲ್ಲಿರುವ ಧಾತುವೂ ಮಾತ್ರೆಯಲ್ಲಿರುವ ಧಾತುವೂ ಒಂದೇ.

ಚಿಕಿತ್ಸೆಯ ದಿನಗಳು

ರೋಗಿಗಳಿಗೆ ಕೊಡುವ ಮುನ್ನ ಕೇಡ್ ಕೆಲವು ದಿನ ತಾವೇ ಲಿಥಿಯಂ ಸೇವಿಸಿ ನೋಡಿದರೆಂದು ಅವರ ಮನೆಯವರ ಹೇಳಿಕೆಯಿದೆ. ನೈತಿಕತಾ ಸಮಿತಿ, ಲಿಖಿತ ಒಪ್ಪಿಗೆ ಇವೆಲ್ಲ ಅಂದಿನ ಆಸ್ಪತ್ರೆಗಳಲ್ಲಿ ಇರಲಿಲ್ಲ. ಮಾನವರ ಮೇಲಿನ ಪ್ರಯೋಗಕ್ಕೆ ಸ್ವಯಂಪ್ರೇರಿತ ಒಪ್ಪಿಗೆ ಕಡ್ಡಾಯವೆಂದ ನ್ಯೂರೆಂಬರ್ಗ್ ಸಂಹಿತೆ ಅದಕ್ಕೆ ಒಂದು ವರ್ಷ ಮೊದಲಷ್ಟೇ, 1947ರಲ್ಲಿ ಹೊರಬಂದಿತ್ತು. ಡಬ್ಲ್ಯು. ಬಿ. ಅವರನ್ನು ಯಾರಾದರೂ ಕೇಳಿದ್ದರೇ ಎಂಬ ಪ್ರಶ್ನೆಯನ್ನು ಇಂದಿನ ಓದುಗರು ಕೇಳಿಯೇ ಕೇಳುತ್ತಾರೆ, ಕೇಳಬೇಕಾದದ್ದೂ ಹೌದು.

ಆರಂಭದ ಪ್ರಮಾಣ ಲಿಥಿಯಂ ಸಿಟ್ರೇಟ್ 20 ಗ್ರೇನ್, ದಿನಕ್ಕೆ ಮೂರು ಸಲ. ಒಂದು ಸಲಕ್ಕೆ ಸುಮಾರು 1.3 ಗ್ರಾಂ ಆಗುತ್ತದೆ. ಮೊದಲ ವಾರದಲ್ಲೇ ಬದಲಾವಣೆ ಕಾಣಿಸಿತು. ನಿಜವಾದ ಬದಲಾವಣೆಯೋ, ಕಾಣಬೇಕೆಂಬ ಆಸೆಯೋ ಎಂಬ ಅನುಮಾನ ಕೇಡ್ ಅವರಿಗೂ ಇತ್ತು. ಮೂರು ವಾರಗಳಾಗುವಷ್ಟರಲ್ಲಿ ಅನುಮಾನಕ್ಕೆ ಎಡೆಯುಳಿಯಲಿಲ್ಲ: ಐದು ವರ್ಷ ಬೀಗದೊಳಗಿನ ವಾರ್ಡಿನಲ್ಲಿ ಕಳೆದ ಮನುಷ್ಯ ಚೇತರಿಸಿಕೊಳ್ಳುವವರ ವಾರ್ಡಿಗೆ ಹೋಗಿ, ತನಗೆ ಅಭ್ಯಾಸವೇ ತಪ್ಪಿಹೋಗಿದ್ದ ಓಡಾಟದ ಸ್ವಾತಂತ್ರ್ಯಕ್ಕೆ ನಿಧಾನವಾಗಿ ಹೊಂದಿಕೊಳ್ಳುತ್ತಿದ್ದರು. ಆ ಹೊಂದಾಣಿಕೆಗೆಂದೇ ಇನ್ನೆರಡು ತಿಂಗಳು ಅವರನ್ನು ಅಲ್ಲಿ ಇರಿಸಿಕೊಳ್ಳಲಾಯಿತು. ಜುಲೈ 9ರಂದು ಮನೆಗೆ ಕಳುಹಿಸುವಾಗ ಕಾರ್ಬೋನೇಟ್ ರೂಪದ ಲಿಥಿಯಂ 5 ಗ್ರೇನ್, ದಿನಕ್ಕೆ ಎರಡು ಸಲ ತೆಗೆದುಕೊಳ್ಳಬೇಕೆಂದು ಹೇಳಲಾಗಿತ್ತು. ಐದು ಗ್ರೇನ್ ಎಂದರೆ ಸುಮಾರು 325 ಮಿಲಿಗ್ರಾಂ; ಇಂದು ನಮ್ಮ ಔಷಧದಂಗಡಿಗಳಲ್ಲಿ ಸಿಗುವ 300 ಮಿಲಿಗ್ರಾಂ ಮಾತ್ರೆಗೆ ಇದು ಎಷ್ಟು ಹತ್ತಿರವೆಂಬುದು ಕುತೂಹಲದ ಸಂಗತಿ. ಅವರು ತಮ್ಮ ಹಳೆಯ ಕೆಲಸಕ್ಕೇ ಮರಳಿ ಸಂತೋಷದಿಂದ ದುಡಿಯತೊಡಗಿದರು.

ಕೇಡ್ ಒಟ್ಟು ಹತ್ತು ಮಂದಿ ಉನ್ಮಾದ ರೋಗಿಗಳಿಗೆ, ಇಂದು ಸ್ಕಿಜೋಫ್ರೀನಿಯಾ ಎನ್ನುವ ಕಾಯಿಲೆಯಿದ್ದ ಆರು ಮಂದಿಗೆ ಮತ್ತು ಮೂವರು ಖಿನ್ನರಿಗೆ ಲಿಥಿಯಂ ಕೊಟ್ಟರು. ಉನ್ಮಾದವಿದ್ದ ಹತ್ತೂ ಜನರಲ್ಲಿ ಸುಧಾರಣೆ ಕಂಡಿತು, ಸ್ಕಿಜೋಫ್ರೀನಿಯಾ ಇದ್ದವರಲ್ಲಿ ಚಡಪಡಿಕೆ ತಗ್ಗಿತೇ ಹೊರತು ಮೂಲ ಕಾಯಿಲೆ ಹಾಗೆಯೇ ಉಳಿಯಿತು, ಖಿನ್ನರಲ್ಲಿ ಬದಲಾವಣೆಯಿಲ್ಲ. ಎಲ್ಲರನ್ನೂ ಮಂಕುಗೊಳಿಸುವ ಮತ್ತಿನ ಮದ್ದು ಇದಲ್ಲ, ಒಂದು ನಿರ್ದಿಷ್ಟ ಕಾಯಿಲೆಗೆ ತಾಗುವ ಮದ್ದು ಎಂಬುದನ್ನು ಈ ವ್ಯತ್ಯಾಸವೇ ತೋರಿಸಿತು. ನನ್ನ ದೃಷ್ಟಿಯಲ್ಲಿ ಆ ಪುಟ್ಟ ಲೇಖನದ ನಿಜವಾದ ತೂಕವಿರುವುದು ಇಲ್ಲಿ.

ಮಾತ್ರೆ ನಿಂತಿತು

ಗುಣವಾದವರಿಗೆ ಔಷಧಿಯ ಮೇಲೆ ಅಸಡ್ಡೆ ಬೆಳೆಯುವುದು ಹೊಸತಲ್ಲ. ಡಬ್ಲ್ಯು. ಬಿ. ಅವರು ಮೊದಮೊದಲು ಒಮ್ಮೊಮ್ಮೆ ಮಾತ್ರೆ ತಪ್ಪಿಸಿದರು, ಆಮೇಲೆ ಪೂರ್ತಿ ಬಿಟ್ಟರು. ಕನಿಷ್ಠ ಆರು ವಾರಗಳಿಂದ ಅವರು ಅದನ್ನು ಮುಟ್ಟಿಲ್ಲವೆಂದೂ, ದಿನೇದಿನೇ ಸಿಡುಕು ಹೆಚ್ಚಿ ನಡವಳಿಕೆ ಅಡ್ಡಾದಿಡ್ಡಿಯಾಗುತ್ತಿದೆಯೆಂದೂ ಮನೆಯವರು ವರದಿ ಮಾಡಿದರು. 1949ರ ಜನವರಿ 30ರಂದು ಅವರು ಮತ್ತೆ ಆಸ್ಪತ್ರೆ ಸೇರಬೇಕಾಯಿತು. ಲಿಥಿಯಂ ಕಾರ್ಬೋನೇಟ್ 10 ಗ್ರೇನ್, ದಿನಕ್ಕೆ ಮೂರು ಸಲ ಮತ್ತೆ ಆರಂಭಿಸಿದ ಮೇಲೆ ಹದಿನೈದು ದಿನಗಳಲ್ಲಿ ಮೊದಲಿನ ಸ್ಥಿತಿಗೆ ಬಂದರು, ಪ್ರಮಾಣವನ್ನು ತಗ್ಗಿಸಲಾಯಿತು, ಫೆಬ್ರವರಿ ಕೊನೆಗೆ ಮತ್ತೆ ಮನೆಗೆ, ಕೆಲಸಕ್ಕೆ ಹೊರಡಲು ಸಿದ್ಧರಾದರು. ಕೇಡ್ ಅವರ ಲೇಖನ 1949ರ ಸೆಪ್ಟೆಂಬರ್ 3ರಂದು ಆಸ್ಟ್ರೇಲಿಯಾದ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದಾಗ, ಓದುಗರು ಡಬ್ಲ್ಯು. ಬಿ. ಅವರನ್ನು ಬಿಟ್ಟದ್ದು ಈ ಘಟ್ಟದಲ್ಲಿ.

ವೈಜ್ಞಾನಿಕವಾಗಿ ನೋಡಿದರೆ ಈ ಮರುಕಳಿಕೆ ಒಂದು ಪುರಾವೆಯಂತಿದೆ: ಔಷಧಿ ಕೊಟ್ಟಾಗ ಉನ್ಮಾದ ಇಳಿಯಿತು, ನಿಲ್ಲಿಸಿದಾಗ ಏರಿತು, ಮತ್ತೆ ಕೊಟ್ಟಾಗ ಮತ್ತೆ ಇಳಿಯಿತು. ಆದರೆ ರೋಗಿಯ ಕಡೆಯಿಂದ ನೋಡಿದರೆ ಚಿಕಿತ್ಸೆಯಲ್ಲಿ ಒಂದು ದೊಡ್ಡ ತೆರಪು ಕಾಣುತ್ತದೆ. ಮಾತ್ರೆಯನ್ನು ಅವರು ಏಕೆ ಬಿಟ್ಟರು ಎಂದು ಯಾರಾದರೂ ಕೂತು ಕೇಳಿದಂತೆ ದಾಖಲೆಯಲ್ಲಿಲ್ಲ. ನಮ್ಮ ಊರುಗಳ ಮನೋರೋಗ ಚಿಕಿತ್ಸಾಲಯಗಳಲ್ಲಿ ಈ ಮಾತು ದಿನನಿತ್ಯ ಕೇಳಿಬರುವಂಥದ್ದು: ‘ಈಗ ಚೆನ್ನಾಗೇ ಇದ್ದೀನಲ್ಲ ಡಾಕ್ಟ್ರೇ, ಇನ್ನೂ ಯಾಕೆ ಮಾತ್ರೆ?’ ಜ್ವರದ ಮಾತ್ರೆಯ ಅನುಭವದಿಂದ ಬಂದ ತರ್ಕ ಇದು. ಜ್ವರ ಬಿಟ್ಟ ಮೇಲೆ ಮಾತ್ರೆ ನುಂಗುವವರು ಯಾರು? ಕೆಲವರಿಗೆ ಕೈನಡುಕ, ಬಾಯಾರಿಕೆ, ಪದೇಪದೇ ಮೂತ್ರ, ತೂಕ ಹೆಚ್ಚುವುದು ಸಹಿಸಲಾಗುವುದಿಲ್ಲ. ಕೆಲವರಿಗೆ ಉನ್ಮಾದದ ಆರಂಭದ ದಿನಗಳ ಹುರುಪು, ಕೆಲಸದ ಚುರುಕು ಬೇಕೆನಿಸುತ್ತದೆ. ಅದು ಕಳೆದುಹೋದದ್ದನ್ನೇ ಅವರು ನಷ್ಟವೆಂದು ಭಾವಿಸುತ್ತಾರೆ. ಇನ್ನು ಮದುವೆಯ ಮಾತು ನಡೆಯುವ ಮನೆಯಲ್ಲಿ ಡಬ್ಬಿಯಲ್ಲಿರುವ ಮಾತ್ರೆಯನ್ನು ಯಾರಾದರೂ ನೋಡಿಬಿಟ್ಟರೆ ಎಂಬ ಭಯ ಮನೆಯ ಹಿರಿಯರದೇ ಆಗಿರುತ್ತದೆ, ಮತ್ತು ಎಷ್ಟೋ ವೇಳೆ ಔಷಧಿಯನ್ನು ನಿಲ್ಲಿಸುವವರು ರೋಗಿಯಲ್ಲ, ಅವರೇ.

ಈ ತೆರಪನ್ನು ತುಂಬುವ ಮಾತಿನ ಚಿಕಿತ್ಸೆಗಳು ರೂಪುಗೊಂಡದ್ದು ಬಹಳ ತಡವಾಗಿ. ಬಾರ್ಸಿಲೋನಾದ ತಂಡವೊಂದು ಬೈಪೋಲಾರ್ ರೋಗಿಗಳನ್ನು ಗುಂಪಾಗಿ ಕೂರಿಸಿ, ಕಾಯಿಲೆಯ ಸ್ವರೂಪ, ಔಷಧಿಯ ಕೆಲಸ, ಮರುಕಳಿಸುವ ಮುನ್ಸೂಚನೆಗಳನ್ನು ಸರಣಿಯಾಗಿ ಕಲಿಸಿದಾಗ ಮರುಕಳಿಕೆ ಗಣನೀಯವಾಗಿ ಕಡಿಮೆಯಾದದ್ದನ್ನು 2003ರಲ್ಲಿ ವರದಿ ಮಾಡಿತು. ಮನೆಮಂದಿಯನ್ನೂ ಕೂರಿಸಿಕೊಂಡು ಮಾತನಾಡುವ ವಿಧಾನವನ್ನೂ, ಏಳುವ ಮಲಗುವ ಉಣ್ಣುವ ಹೊತ್ತುಗಳನ್ನು ಒಂದು ತಾಳಕ್ಕೆ ತರುವ ವಿಧಾನವನ್ನೂ ಅಮೆರಿಕದ ಮನೋವಿಜ್ಞಾನಿಗಳು ಬೆಳೆಸಿದರು. ಕೊನೆಯದರ ಹಿಂದಿನ ತರ್ಕ ಸರಳ: ಬೈಪೋಲಾರ್ ಇರುವವರಲ್ಲಿ ಎರಡು ರಾತ್ರಿಯ ನಿದ್ದೆಗೇಡು ಉನ್ಮಾದಕ್ಕೆ ಬಾಗಿಲು ತೆರೆಯಬಲ್ಲದು. ಜಾತ್ರೆ, ಜಾಗರಣೆ, ಮದುವೆಮನೆಯ ಓಡಾಟ, ರಾತ್ರಿ ಪಾಳಿಯ ಕೆಲಸ ಇವುಗಳ ಬಗ್ಗೆ ನಮ್ಮ ವೈದ್ಯರು ಎಚ್ಚರಿಸುವುದು ಇದೇ ಕಾರಣಕ್ಕೆ. ಇವಾವುದೂ ಲಿಥಿಯಂಗೆ ಬದಲಿಯಲ್ಲ; ಲಿಥಿಯಂ ರೋಗಿಯ ಹೊಟ್ಟೆಗೆ ತಪ್ಪದೆ ತಲಪುವಂತೆ ಮಾಡುವ ದಾರಿಗಳು.

ಸಾವು

ಮುಂದಿನ ಭಾಗ ಕೇಡ್ ಅವರ ಲೇಖನದಲ್ಲಿಲ್ಲ, ಆಸ್ಪತ್ರೆಯ ಕಡತಗಳಲ್ಲಿದೆ. ಡಬ್ಲ್ಯು. ಬಿ. ಮತ್ತೆ ಆಸ್ಪತ್ರೆಗೆ ಬಂದರು. ಲಿಥಿಯಂ ಅವರ ದೇಹಕ್ಕೆ ವಿಷವಾಗುತ್ತಿರುವ ಲಕ್ಷಣಗಳು ಕಾಣಿಸಿಕೊಂಡಿದ್ದರಿಂದ ಅದನ್ನು ನಿಲ್ಲಿಸಬೇಕಾಯಿತು. ನಿಲ್ಲಿಸಿದರೆ ಉನ್ಮಾದ ಹಿಂದಿನಷ್ಟೇ ಭೀಕರವಾಗಿ ಮರಳಿತು. ದೇಹ ಸೊರಗಿತು. 1950ರ ಮೇ ತಿಂಗಳಲ್ಲಿ ಕೇಡ್ ಇಕ್ಕಟ್ಟಿಗೆ ಸಿಕ್ಕಿದ್ದರು. ಲಿಥಿಯಂನಿಂದ ಆಗಬಹುದಾದ ಹಾನಿಯಷ್ಟೇ ಅಪಾಯ ಈ ಉನ್ಮಾದದಿಂದಲೂ ಇದೆ ಎಂದು ಭಾವಿಸಿ, ಮತ್ತೊಮ್ಮೆ ಔಷಧಿ ಆರಂಭಿಸಿದರು. ಕೆಲವೇ ದಿನಗಳಲ್ಲಿ ರೋಗಿಗೆ ಫಿಟ್ಸ್ ಬಂದು ಪ್ರಜ್ಞೆ ತಗ್ಗಿ, ಮೇ 23ರಂದು ಅವರು ತೀರಿಕೊಂಡರು. ಸಾವಿಗೆ ಲಿಥಿಯಂ ವಿಷ, ದೀರ್ಘಕಾಲದ ಉನ್ಮಾದ, ಬಳಲಿಕೆ ಮತ್ತು ಅಪೌಷ್ಟಿಕತೆ ಒಟ್ಟಾಗಿ ಕಾರಣವೆಂದು ತನಿಖೆಯಲ್ಲಿ ತೀರ್ಮಾನವಾಯಿತು. ಕೇಡ್ ತಮ್ಮ ಆಸ್ಪತ್ರೆಯಲ್ಲಿ ಲಿಥಿಯಂ ಬಳಕೆಯನ್ನು ನಿಲ್ಲಿಸಿದರು.

ತಾನೇ ಕಂಡುಹಿಡಿದ ಮದ್ದನ್ನು ತಾನೇ ಕೈಬಿಟ್ಟ ಈ ನಡೆಯನ್ನು ಹೇಡಿತನವೆನ್ನಲಾಗದು. ಹಿಂದಿನ ವರ್ಷವಷ್ಟೇ ಅಮೆರಿಕದಲ್ಲಿ, ಹೃದ್ರೋಗಿಗಳಿಗೆ ಅಡುಗೆ ಉಪ್ಪಿನ ಬದಲಿಗೆಂದು ಮಾರುತ್ತಿದ್ದ ಲಿಥಿಯಂ ಕ್ಲೋರೈಡ್ ಸೇವಿಸಿ ಕೆಲವರು ಸತ್ತು, ಆ ಪದಾರ್ಥವನ್ನು ಸರ್ಕಾರ ಮಾರುಕಟ್ಟೆಯಿಂದ ತೆಗೆಸಿತ್ತು. ಆ ಹೆಸರಿಗೇ ವಿಷದ ವಾಸನೆ ಅಂಟಿಕೊಂಡಿತ್ತು.

ತಪ್ಪಿದ್ದು ಎಲ್ಲಿ?

ಮೂತ್ರಪಿಂಡಗಳಿಗೆ ಲಿಥಿಯಂ ಮತ್ತು ಸೋಡಿಯಂ ನಡುವಿನ ವ್ಯತ್ಯಾಸ ಅಷ್ಟಾಗಿ ತಿಳಿಯುವುದಿಲ್ಲ. ದೇಹದಲ್ಲಿ ನೀರು ಮತ್ತು ಉಪ್ಪು ಸಾಕಷ್ಟಿದ್ದಾಗ ಅವು ಲಿಥಿಯಂ ಅನ್ನು ಹೊರಹಾಕುತ್ತಿರುತ್ತವೆ. ಬೆವರು, ವಾಂತಿ, ಭೇದಿ ಅಥವಾ ಉಪವಾಸದಿಂದ ಉಪ್ಪುನೀರು ಕಡಿಮೆಯಾದೊಡನೆ, ಸೋಡಿಯಂ ಅನ್ನು ಉಳಿಸಿಕೊಳ್ಳುವ ಆತುರದಲ್ಲಿ ಲಿಥಿಯಂ ಅನ್ನೂ ಉಳಿಸಿಕೊಂಡುಬಿಡುತ್ತವೆ. ಮಾತ್ರೆಯ ಪ್ರಮಾಣ ಅಷ್ಟೇ ಇದ್ದರೂ ರಕ್ತದಲ್ಲಿನ ಮಟ್ಟ ಏರುತ್ತದೆ. ಊಟ ನೀರು ಬಿಟ್ಟು, ನಿದ್ದೆಯಿಲ್ಲದೆ ಓಡಾಡಿ ಸೊರಗಿದ ಉನ್ಮಾದ ರೋಗಿಯೊಬ್ಬರ ದೇಹದಲ್ಲಿ ಆಗುವುದು ಇದೇ. ಇದರ ಜೊತೆಗೆ ವೈದ್ಯರು ಅನುಭವದಿಂದ ಕಂಡುಕೊಂಡ ಇನ್ನೊಂದು ಸಂಗತಿಯಿದೆ: ಉನ್ಮಾದದ ತೀವ್ರತೆಯಲ್ಲಿ ಹೆಚ್ಚು ಲಿಥಿಯಂ ತಾಳಿಕೊಳ್ಳುವ ದೇಹ, ಉನ್ಮಾದ ಇಳಿದ ಮೇಲೆ ಅಷ್ಟನ್ನು ತಾಳದು. ಡಬ್ಲ್ಯು. ಬಿ. ಅವರ ಕೊನೆಯ ದಿನಗಳಲ್ಲಿ ಏನಾಯಿತೆಂಬುದಕ್ಕೆ ಇವು ನನ್ನ ಊಹೆಗಳೇ ಹೊರತು ದಾಖಲೆಯ ಮಾತಲ್ಲ. ದಾಖಲೆಯಿರುವುದು ಸಾಧ್ಯವೂ ಇರಲಿಲ್ಲ, ಏಕೆಂದರೆ ಅವರ ರಕ್ತದಲ್ಲಿ ಎಷ್ಟು ಲಿಥಿಯಂ ಇದೆಯೆಂದು ಯಾರೂ ಅಳೆದಿರಲಿಲ್ಲ. ಕೈನಡುಕ, ವಾಂತಿ, ತಲೆಸುತ್ತು ಕಂಡರೆ ಔಷಧಿಯನ್ನು ತಡೆಯಬೇಕೆಂದು ಕೇಡ್ ಎಚ್ಚರಿಸಿದ್ದರು ನಿಜ. ಆದರೆ ಆ ಲಕ್ಷಣಗಳು ಕಾಣುವ ಹೊತ್ತಿಗೆ ಎಷ್ಟೋ ಸಲ ಅಪಾಯ ಹೊಸ್ತಿಲು ದಾಟಿರುತ್ತದೆ.

ಅಳತೆಯ ಉಪಾಯ ಬಂದದ್ದು ಅದೇ ಮೆಲ್ಬರ್ನಿನಿಂದ, ಡಬ್ಲ್ಯು. ಬಿ. ತೀರಿಕೊಂಡ ಮರುವರ್ಷವೇ. ವಿಶ್ವವಿದ್ಯಾಲಯದ ಎಡ್ವರ್ಡ್ ಟ್ರಾಟ್ನರ್ ಮತ್ತು ವೈದ್ಯ ನೋಆಕ್ ಅವರು ನೂರಕ್ಕೂ ಹೆಚ್ಚು ರೋಗಿಗಳಿಗೆ ಲಿಥಿಯಂ ಕೊಡುತ್ತಾ, ಫ್ಲೇಮ್ ಫೋಟೋಮೀಟರ್ ಎಂಬ ಉಪಕರಣದಿಂದ ರಕ್ತದಲ್ಲಿನ ಮಟ್ಟವನ್ನು ಅಳೆದು, ಸುರಕ್ಷಿತವಾಗಿ ನಡೆಸಬಹುದೆಂದು 1951ರಲ್ಲಿ ಪ್ರಕಟಿಸಿದರು. ಹಲವು ಲೋಹಗಳು ಜ್ವಾಲೆಗೆ ತಮ್ಮದೇ ಬಣ್ಣ ಕೊಡುತ್ತವೆ. ಲಿಥಿಯಂ ಕೊಡುವುದು ಕಡುಗೆಂಪು. ಆ ಬಣ್ಣದ ತೀವ್ರತೆಯಿಂದ ಪ್ರಮಾಣವನ್ನು ಲೆಕ್ಕಹಾಕುವ ವಿಧಾನ ಅದು. ಇಂದು ನಾವು ಹೇಳುವ ಮಿತಿಗಳು ಆ ದಾರಿಯಲ್ಲೇ ಸಿಕ್ಕವು: ಕಾಯಿಲೆ ಮರುಕಳಿಸದಂತೆ ತಡೆಯಲು ಲೀಟರಿಗೆ ಸುಮಾರು 0.6ರಿಂದ 0.8 ಮಿಲಿಮೋಲ್, ತೀವ್ರ ಉನ್ಮಾದದಲ್ಲಿ 1.0ರ ಆಸುಪಾಸು, 1.5 ದಾಟಿದರೆ ವಿಷದ ಲಕ್ಷಣಗಳು, 2 ದಾಟಿದರೆ ಜೀವಕ್ಕೇ ಸಂಚಕಾರ. ಕಾಪಾಡುವ ಪ್ರಮಾಣಕ್ಕೂ ಕೊಲ್ಲುವ ಪ್ರಮಾಣಕ್ಕೂ ಇಷ್ಟು ಕಡಿಮೆ ಅಂತರವಿರುವ ಔಷಧಿಗಳು ಹೆಚ್ಚಿಲ್ಲ.

ಮುಂದಿನದನ್ನು ಚುಟುಕಾಗಿ ಹೇಳಬಹುದು. ಡೆನ್ಮಾರ್ಕಿನ ಮೊಗೆನ್ಸ್ ಶೌ ಮತ್ತು ಸಂಗಡಿಗರು 1954ರಲ್ಲಿ 38 ಉನ್ಮಾದ ರೋಗಿಗಳಲ್ಲಿ, ಕೆಲವರಿಗೆ ಲಿಥಿಯಂ ಯಾವಾಗ, ಔಷಧಿಯೇ ಇಲ್ಲದ ಹುಸಿ ಮಾತ್ರೆ ಯಾವಾಗ ಎಂಬುದನ್ನು ನಾಣ್ಯ ಚಿಮ್ಮಿ ನಿರ್ಧರಿಸಿ, ಪರೀಕ್ಷೆ ನಡೆಸಿದರು. 1967ರಲ್ಲಿ ಬಾಸ್ಟ್ರುಪ್ ಮತ್ತು ಶೌ, ಲಿಥಿಯಂ ಉನ್ಮಾದವನ್ನು ಇಳಿಸುವುದಷ್ಟೇ ಅಲ್ಲದೆ ಮರುಕಳಿಸದಂತೆಯೂ ತಡೆಯುತ್ತದೆ ಎಂದಾಗ, ಲಂಡನ್ನಿನ ಇಬ್ಬರು ವಿದ್ವಾಂಸರು ಅದನ್ನು ಇನ್ನೊಂದು ಮಿಥ್ಯೆಯೆಂದು ಅನುಮಾನಿಸಿದರು. 1970ರ ಪರೀಕ್ಷೆಯಲ್ಲಿ ಲಿಥಿಯಂ ಮುಂದುವರಿಸಿದವರಲ್ಲಿ ಐದು ತಿಂಗಳವರೆಗೆ ಒಬ್ಬರಿಗೂ ಕಾಯಿಲೆ ಮರುಕಳಿಸಲಿಲ್ಲ. ತಿಳಿಯದಂತೆ ಹುಸಿ ಮಾತ್ರೆಗೆ ಬದಲಾಯಿಸಿದವರಲ್ಲಿ ಅರ್ಧಕ್ಕೂ ಹೆಚ್ಚು ಜನರಿಗೆ ಮರುಕಳಿಸಿತು. ಅದೇ ವರ್ಷ ಅಮೆರಿಕ ಉನ್ಮಾದಕ್ಕೆ ಲಿಥಿಯಂ ಅನ್ನು ಅಂಗೀಕರಿಸಿತು. ಪ್ರಕೃತಿಯಲ್ಲೇ ಸಿಗುವ ಧಾತುವಿಗೆ ಪೇಟೆಂಟ್ ಸಿಗದ ಕಾರಣ ಅದನ್ನು ಹೊತ್ತು ಮೆರೆಸುವ ಕಂಪನಿ ಯಾವುದೂ ಇರಲಿಲ್ಲ, ಈ ವಿಳಂಬಕ್ಕೆ ಅದೂ ಒಂದು ಕಾರಣ. ಆತ್ಮಹತ್ಯೆಯ ಅಪಾಯವನ್ನು ತಗ್ಗಿಸುವ ಗುಣವೂ ಲಿಥಿಯಂಗಿದೆ ಎಂಬುದು ಆಮೇಲಿನ ಅಧ್ಯಯನಗಳಲ್ಲಿ ಕಂಡುಬಂತು.

ಇದೇ ರೋಗಿ ಇಂದು ಬಂದಿದ್ದರೆ

ಡಬ್ಲ್ಯು. ಬಿ. ಅವರಂಥ ರೋಗಿಯೊಬ್ಬರನ್ನು ಇಂದು ಕರ್ನಾಟಕದ ಯಾವುದಾದರೂ ಜಿಲ್ಲಾ ಆಸ್ಪತ್ರೆಗೋ ಬೆಂಗಳೂರಿನ ನಿಮ್ಹಾನ್ಸ್‌ಗೋ ಕರೆತಂದರೆ ಪ್ರಕರಣ ಹೇಗೆ ಸಾಗಬಹುದೆಂದು ಕಲ್ಪಿಸಿಕೊಂಡರೆ, ಎಪ್ಪತ್ತೈದು ವರ್ಷಗಳಲ್ಲಿ ಏನು ಸೇರಿಕೊಂಡಿತೆಂಬುದು ಸ್ಪಷ್ಟವಾಗುತ್ತದೆ. ಲಿಥಿಯಂ ಬರೆಯುವ ಮೊದಲೇ ರಕ್ತದ ಕ್ರಿಯಾಟಿನಿನ್, ಥೈರಾಯ್ಡ್, ಕ್ಯಾಲ್ಸಿಯಂ ಪರೀಕ್ಷೆ ಮತ್ತು ಇಸಿಜಿ ಆಗುತ್ತವೆ, ಏಕೆಂದರೆ ದೀರ್ಘಕಾಲದಲ್ಲಿ ಅದು ಮೂತ್ರಪಿಂಡ ಮತ್ತು ಥೈರಾಯ್ಡ್‌ಗೆ ತೊಂದರೆ ಕೊಡಬಲ್ಲದು. ಲಿಥಿಯಂ ಕೆಲಸ ಆರಂಭಿಸಲು ವಾರ ಹಿಡಿಯುವುದರಿಂದ ಅಲ್ಲಿಯವರೆಗೆ ಒಲಾಂಜಪೈನ್‌ನಂಥ ಇನ್ನೊಂದು ಔಷಧಿಯನ್ನು ಜೊತೆಗೆ ಕೊಡುತ್ತಾರೆ. ಊಟ ನೀರು ಬಿಟ್ಟು ಜೀವಕ್ಕೆ ಅಪಾಯವಿದ್ದರೆ, ಅರಿವಳಿಕೆ ಕೊಟ್ಟು ವಿದ್ಯುತ್ ಕಂಪನ ಚಿಕಿತ್ಸೆ ಮಾಡುವ ದಾರಿಯಿದೆ. 1950ರ ಮೇ ತಿಂಗಳ ಆ ಇಕ್ಕಟ್ಟಿನಲ್ಲಿ ಇಂದಿನ ವೈದ್ಯರು ಬಹುಶಃ ಹಿಡಿಯುತ್ತಿದ್ದ ದಾರಿ ಅದೇ. ಮಾತ್ರೆ ಆರಂಭಿಸಿದ ಐದರಿಂದ ಏಳು ದಿನಗಳಲ್ಲಿ ಮಟ್ಟದ ಪರೀಕ್ಷೆ. ರಾತ್ರಿಯ ಮಾತ್ರೆ ನುಂಗಿ ಹನ್ನೆರಡು ಗಂಟೆಯ ನಂತರ, ಬೆಳಗಿನ ಮಾತ್ರೆಗೆ ಮುಂಚೆ ರಕ್ತ ಕೊಡಬೇಕು. ಈ ಸಣ್ಣ ಸೂಚನೆ ಹೇಳದೆ ಬಿಟ್ಟರೆ ವರದಿಯೇ ದಾರಿತಪ್ಪಿಸುತ್ತದೆ. ಈ ಪರೀಕ್ಷೆ ಎಲ್ಲ ಲ್ಯಾಬುಗಳಲ್ಲೂ ಆಗುವುದಿಲ್ಲ ಎಂಬುದು ನಮ್ಮಲ್ಲಿ ಲಿಥಿಯಂ ಬರೆಯಲು ವೈದ್ಯರು ಹಿಂದೆಗೆಯುವುದಕ್ಕೆ ಒಂದು ಮುಖ್ಯ ಕಾರಣ.

ಮನೆಗೆ ಕಳುಹಿಸುವಾಗ ‘ದಿನಕ್ಕೆ ಎರಡು ಸಲ’ ಎಂಬ ಸೂಚನೆಗಿಂತ ಹೆಚ್ಚಿನದು ಬೇಕಾಗುತ್ತದೆ. ಉಪ್ಪನ್ನು ಏಕಾಏಕಿ ಬಿಡಬಾರದು, ರಾಯಚೂರು ಕಲಬುರಗಿಯ ಬೇಸಿಗೆಯಲ್ಲಿ ಹೊಲದ ಕೆಲಸಕ್ಕೆ ಹೋಗುವಾಗ ನೀರು ಮಜ್ಜಿಗೆ ಜೊತೆಗಿರಬೇಕು, ನಿರ್ಜಲ ಏಕಾದಶಿಯಾಗಲಿ ರಂಜಾನ್ ಉಪವಾಸವಾಗಲಿ ವೈದ್ಯರನ್ನು ಕೇಳದೆ ಹಿಡಿಯಬಾರದು, ವಾಂತಿ ಭೇದಿ ಹತ್ತಿದರೆ ಮಾತ್ರೆ ತಡೆದು ಕೂಡಲೇ ಆಸ್ಪತ್ರೆಗೆ ಬರಬೇಕು. ಮಂಡಿನೋವಿಗೆಂದು ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಕೊಳ್ಳುವ ಐಬುಪ್ರೊಫೆನ್, ಡೈಕ್ಲೊಫೆನ್ಯಾಕ್ ಮಾತ್ರೆಗಳು ಮತ್ತು ಬಿಪಿಯ ಕೆಲವು ಮಾತ್ರೆಗಳು ಲಿಥಿಯಂ ಮಟ್ಟವನ್ನು ಏರಿಸುತ್ತವೆ ಎಂಬುದನ್ನು ಮನೆಯವರಿಗೂ ಹೇಳಬೇಕು. ಡಬ್ಲ್ಯು. ಬಿ. ಅವರ ಮನೆಯವರು ಆರು ವಾರದ ಲೆಕ್ಕವನ್ನು ಸರಿಯಾಗಿಯೇ ಇಟ್ಟಿದ್ದರು. ಅದನ್ನು ಎರಡನೆಯ ವಾರದಲ್ಲೇ ಹೇಳಲು ಅವರಿಗೊಂದು ಜಾಗವಿರಲಿಲ್ಲ. ಇಂದು 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತನಾಡಬಹುದು. ಚೆನ್ನಾಗಿರುವ ದಿನಗಳಲ್ಲೇ, ಮುಂದೆ ಉನ್ಮಾದ ಬಂದರೆ ತನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ತನ್ನ ಪರವಾಗಿ ಮಾತನಾಡುವವರು ಯಾರು ಎಂಬುದನ್ನು ಮುಂಗಡ ನಿರ್ದೇಶನವಾಗಿ ಬರೆದಿಡುವ ಹಕ್ಕನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ಕೊಟ್ಟಿದೆ. ಬಂಡೂರಾದ ವಾರ್ಡಿನಲ್ಲಿ ಯಾರೂ ಕೇಳದೇ ಹೋದ ಪ್ರಶ್ನೆಗೆ ರೋಗಿಯೇ ಉತ್ತರ ಬರೆದಿಡುವ ಹಾಳೆ ಅದು.

ಕೇಡ್ 1980ರಲ್ಲಿ ತೀರಿಕೊಂಡರು. ಅಷ್ಟರಲ್ಲಿ ಲಿಥಿಯಂ ಜಗತ್ತಿನ ಎಲ್ಲೆಡೆ ಬಳಕೆಯಲ್ಲಿತ್ತು. ಡಬ್ಲ್ಯು. ಬಿ. ಅವರ ಕಡತದಲ್ಲಿ ಎಂದೂ ಇಲ್ಲದಿದ್ದ ಒಂದು ಸಾಲು ಈಗ ಪ್ರತಿಯೊಬ್ಬ ಲಿಥಿಯಂ ರೋಗಿಯ ಚೀಟಿಯ ಕೊನೆಯಲ್ಲಿರುತ್ತದೆ: ಮುಂದಿನ ರಕ್ತಪರೀಕ್ಷೆಯ ದಿನಾಂಕ.